ಅತ್ತೆಗೆ ಹೊಂದದ ಸರ್ವನಾಮ

ಕೆಂಪು ಪೆನ್ನು ನೀಲಿ ಪೆನ್ನಿಗಿಂತ ಬೇಗ ತೀರುತ್ತದೆಂಬುದನ್ನು ನೀವು ಗಮನಿಸಿರಲಿಕ್ಕಿಲ್ಲ. ದಾಂಡೇಲಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿ ನಿವೃತ್ತನಾದ ನಾನು ಬಲ್ಲೆ. ನನ್ನ ಪೆನ್ನುಗಳಲ್ಲಿ ಅರ್ಧದಷ್ಟು 'ದೇ' ಎಂಬ ಒಂದೇ ಸರ್ವನಾಮವನ್ನು ಹೊಡೆದುಹಾಕುತ್ತ ಪ್ರಾಣ ಬಿಟ್ಟಿವೆ. ಒಬ್ಬನಾದರೆ 'ಹೀ', ಒಬ್ಬಳಾದರೆ 'ಶೀ', ಬಹುಮಂದಿಯಾದರೆ 'ದೇ'. ಹಿಂದಿನ ನಾಮಪದಕ್ಕೆ ಮುಂದಿನ ಸರ್ವನಾಮ ಹೊಂದಬೇಕು, ಅಷ್ಟೆ. ಇಷ್ಟು ಸರಳ ವಿಷಯಕ್ಕೆ ರಕ್ತದೊತ್ತಡ ಏರಿಸಿಕೊಂಡವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ನಿವೃತ್ತಿಯ ಮೇಲಾದರೂ ಸುಖವಾಗಿರಬಾರದೆ? ಕಾಗದದ ಕಾರ್ಖಾನೆಯ ಕಾರ್ಮಿಕನೊಬ್ಬನ ಹೆಂಡತಿ ನೀಲವ್ವ, ಕುಳಗಿ ದಾರಿಯ ರೆಸಾರ್ಟೊಂದರಲ್ಲಿ ಪ್ರವಾಸಿಗರಿಗೆ ಊಟ ಬಡಿಸುವ ಕೆಲಸದ ಸಂದರ್ಶನಕ್ಕೆಂದು ನನ್ನಲ್ಲಿ ಪಾಠಕ್ಕೆ ಬಂದಳು. ಹೊರಗೆ ದುಡಿಯಬೇಕೆಂಬುದು ಆಕೆಯ ಹಲವು ವರ್ಷಗಳ ಆಸೆ. ಹಳಿಯಾಳ ಕಡೆಯವರಾದ ಅತ್ತೆ ಗಂಗವ್ವ ಕಡೆಗೂ ಒಪ್ಪಿದ್ದರು, ಪಾಠದ ಹೊತ್ತಿಗೆ ತಾವೂ ಬಂದು ನಮ್ಮ ಕಟ್ಟೆಯ ಮೇಲೆ ಕೂರುವ ಷರತ್ತಿನೊಂದಿಗೆ.

ನೀಲವ್ವನ ಇಂಗ್ಲಿಷಿನಲ್ಲಿ ಅತ್ತೆ 'ದೇ', ಗಂಡ 'ದೇ'; ಏಕವಚನದ ಭಾಗ್ಯ ಕಂಡದ್ದು ಮನೆಯ ನಾಯಿ ಮಾತ್ರ. ನಿನಗೆ ಅತ್ತೆಯರು ಎಷ್ಟು ಮಂದಿ ಎಂದು ಗದರಿದೆ. "ಒಬ್ಬರ ಅದಾರ್ರಿ, ಆದ್ರ ಹಿರ್ಯಾರು" ಎಂದಳು. ಹತ್ತು ದಿನ ಹೆಣಗಿ, ಹನ್ನೊಂದನೆಯ ದಿನ ಆಕೆಯ ಬಾಯಿಂದ ಅತ್ತೆಗೆ 'ಶೀ' ಹೊರಡಿಸಿದೆ. 'ಶೀ' ಅಂದರೇನೆಂದು ಕಟ್ಟೆಯ ಮೇಲಿಂದ ಗಂಗವ್ವ ಕೇಳಿದರು. ವಿಜಯದ ಅಮಲಿನಲ್ಲಿದ್ದ ನಾನು, 'ಅಕಿ' ಅಂತ ಅರ್ಥ ಎಂದುಬಿಟ್ಟೆ. ಓರಗೆಯವರಿಗೂ ಕಿರಿಯರಿಗೂ ಸಲ್ಲುವ ಮಾತು, ಅತ್ತೆಗೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಾಠವೂ ಬಂದ್, ಕೆಲಸವೂ ಬಂದ್ ಎಂದು ಸಾರಿ ಅವರು ಸೊಸೆಯನ್ನು ಎಬ್ಬಿಸಿಕೊಂಡು ಹೊರಟೇಹೋದರು.

ಸಂದರ್ಶನಕ್ಕೆ ಮೂರೇ ದಿನ ಉಳಿದಿತ್ತು. ಒಂದು ಸರ್ವನಾಮಕ್ಕಾಗಿ ಹೆಣ್ಣುಮಗಳೊಬ್ಬಳ ಆಸೆಗೆ ಕಲ್ಲು ಹಾಕಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಅವರ ಮನೆಗೆ ಹೋಗಿ, ಇಂಗ್ಲಿಷರು ತಮ್ಮ ರಾಣಿಗೂ 'ಶೀ' ಎಂದೇ ಅನ್ನುತ್ತಾರೆಂದು ಸಮಜಾಯಿಷಿ ಕೊಟ್ಟೆ. ಗಂಗವ್ವ ಚಹಾ ಮುಂದಿಟ್ಟು ಕೇಳಿದರು:

"ಹಂಗಾದ್ರ ಅವರು ಮರ್ಯಾದಿ ಎಲ್ಲಿ ಇಡ್ತಾರ್ರಿ ಸರ?"

ಅತ್ತೆಯ ಮಟ್ಟಿಗೆ 'ದೇ' ಇರಲಿ ಎಂದು, ಮೂವತ್ತು ವರ್ಷಗಳ ನಿಷ್ಠೆಯನ್ನು ಆ ಚಹಾದಲ್ಲೇ ಕರಗಿಸಿ ಕುಡಿದೆ.

ಗಂಗವ್ವ ಒಪ್ಪಿ ಕಳಿಸಿದ ಸಂದರ್ಶನದಲ್ಲಿ ಮನೆಯವರ ಬಗ್ಗೆ ಕೇಳಿದಾಗ ನೀಲವ್ವ ಅತ್ತೆಯನ್ನು 'ದೇ' ಎಂದೇ ವರ್ಣಿಸಿದಳಂತೆ. ಕೇಳಿದವನಿಗೆ ಅದು ತಪ್ಪೆಂದು ಹೊಳೆಯಲೇ ಇಲ್ಲವಂತೆ, ಕೆಲಸ ಸಿಕ್ಕಿತು. ಸತ್ತ ನನ್ನ ಪೆನ್ನುಗಳಿಗೆ ಇದಕ್ಕಿಂತ ಅವಮಾನ ಬೇಕೆ?

ಮರುದಿನ ಅತ್ತೆ-ಸೊಸೆ ಪೇಢೆ ತಂದರು. ಪಕ್ಕದ ಮನೆಯಾಕೆ ಇಣುಕಿದಾಗ, ಕಟ್ಟೆಯ ಮೇಲೆ ಕೂತು ಕೂತೇ ಕಲಿತಿದ್ದ ಗಂಗವ್ವ ನನ್ನನ್ನು ತೋರಿಸಿ ಹೆಮ್ಮೆಯಿಂದ ಹೇಳಿದರು: "ಹೀ ಗುಡ್ ಟೀಚರ್."

ಕ್ರಿಯಾಪದ ನಾಪತ್ತೆ, ಹೋಗಲಿ. ಸರ್ವನಾಮ ಮಾತ್ರ ಲಿಂಗದಲ್ಲೂ ವಚನದಲ್ಲೂ ನಿರ್ದುಷ್ಟ. ಆದರೂ, ಈ ವಯಸ್ಸಿನ ನನಗೆ ಬರೀ 'ಹೀ'? ಓದುಗರೇ, ನಾಚಿಕೆಯಿಲ್ಲದೆ ಹೇಳುತ್ತೇನೆ: ಜೇಬಿನ ಕೆಂಪು ಪೆನ್ನಿಗೆ ಕೈ ಹೋಗಿತ್ತು, ಈ ಸಲ ಆ 'ಹೀ'ಯನ್ನು ತಿದ್ದಿ 'ದೇ' ಎಂದು ಬರೆಯಲು.