ದೊಡ್ಡಮ್ಮ ಕೇಳದೆ ಹಾಕದ ಪದ

ನ್ಯಾಯಾಲಯದ ಎದುರಿನ ಸಾಲಿನಲ್ಲಿ ಕೂತು ನನ್ನ ದೊಡ್ಡಮ್ಮ ಮೂವತ್ತು ವರ್ಷ ಅರ್ಜಿ ಟೈಪ್ ಮಾಡಿದಳು. ಪಕ್ಕದ ಮೇಜಿನಲ್ಲಿ ಛಾಪಾ ಕಾಗದ ಮಾರುತ್ತಿದ್ದವನು ನಾನು. ಬಂದವರು ಕೂರುವ ಮೊದಲೇ "ನಂಬಿಕೆದ್ರೋಹ ಅಂತ ಹಾಕಿ" ಅನ್ನುತ್ತಿದ್ದರು. ಅವಳು ಅಷ್ಟು ಸುಲಭಕ್ಕೆ ಹಾಕುತ್ತಿರಲಿಲ್ಲ.

"ನೀವು ನಂಬಿದ್ದು ಅವರಿಗೆ ಗೊತ್ತಿತ್ತಾ? ಗೊತ್ತಿದ್ದೂ ಮಾಡಿದ್ರಾ?"

ಅವಳ ಲೆಕ್ಕದಲ್ಲಿ ದರ್ಜಿ ಬಟ್ಟೆ ಕೆಡಿಸಿದರೆ ಅದು ಕೈತಪ್ಪು. ಬರುತ್ತೇನೆಂದವನು ಬಾರದಿದ್ದರೆ ಮಾತು ತಪ್ಪಿದ್ದು. ಸೋದರಮಾವ ಮದುವೆಗೆ ಕರೆಯಲಿಲ್ಲವೆಂದು ಕುದಿಯುತ್ತಾ ಬಂದವನಿಗೆ, "ಮುನಿಸಿಗೆಲ್ಲ ಅರ್ಜಿ ಇಲ್ಲಪ್ಪ, ಮನೆಗ್ಹೋಗು" ಅಂದಿದ್ದಳು. ವಕೀಲರು ಅವಳಿಗೆ ನಿಘಂಟಮ್ಮ ಎಂದು ಹೆಸರಿಟ್ಟಿದ್ದರು. ಕಾಲು ಭಾಗ ಗಿರಾಕಿಗಳು ಆಚೆ ಮೇಜಿಗೆ ಎದ್ದು ಹೋಗುತ್ತಿದ್ದರು. ಇದೆಂಥ ಅಧಿಕಪ್ರಸಂಗ ಎಂದು ನನಗೆ ರೇಗುತ್ತಿತ್ತು.

ಒಮ್ಮೆ ನೂಲಿನ ಗಿರಣಿಯ ಹೆಂಗಸೊಬ್ಬಳು ಮೇಲ್ವಿಚಾರಕನ ಮೇಲೆ ಗುಟ್ಟಾಗಿ ದೂರು ಬರೆಸಿದಳು. ನಕಲಿಗೆ ದೊಡ್ಡಮ್ಮ ಹೊಸ ಕಾರ್ಬನ್ ಹಾಳೆ ಹಾಕಿದ್ದಳು. ಒಂದೇ ಸಲ ಬಳಸಿದ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಅಕ್ಷರಗಳೆಲ್ಲ ಕಾಣುತ್ತವೆ. ಗುಟ್ಟಿನ ಕಾಗದವಾದರೆ ಅದನ್ನು ಹರಿದುಹಾಕುವುದು ನಮ್ಮ ಸಾಲಿನ ಪದ್ಧತಿ. ಮರುದಿನ ಬಾಡಿಗೆ ಕರಾರು ಮಾಡಿಸಲು ಬಂದ ಮೇಲ್ವಿಚಾರಕನ ಭಾವ, ಕಾಯುತ್ತಾ ಕೂತು, ಮೇಜಿನ ಮೇಲಿದ್ದ ಆ ಹಾಳೆ ಓದಿದ. ವಾರದೊಳಗೆ ಆಕೆಯ ಕೆಲಸ ಹೋಯಿತು.

ಆಕೆ ಬಂದು ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತಳು.

"ನಿಮ್ಮ ಮೇಲೆ ಒಂದು ಅರ್ಜಿ ಬರೀಬೇಕಮ್ಮ. ಏನಂತ ಹಾಕ್ತೀರಿ?"

ನನಗೆ ತಡೆಯಲಾಗಲಿಲ್ಲ. "ಹರಿಯೋದು ಮರೆತ್ರು, ಅಷ್ಟೇ. ಬೇಕಂತ ಮಾಡ್ತಾರಾ?"

"ನೀನು ಸುಮ್ನಿರು" ಎಂದಳು ದೊಡ್ಡಮ್ಮ. "ಮರೀಲಿಲ್ಲ. ಹೊಸ ಹಾಳೆ, ಇನ್ನೆರಡು ಸಲಕ್ಕೆ ಬರುತ್ತೆ ಅಂತ ಇಟ್ಕೊಂಡೆ. ಓದಬಹುದು ಅಂತ ಗೊತ್ತಿತ್ತು. ಇವರು ನನ್ನ ನಂಬಿದ್ದೂ ಗೊತ್ತಿತ್ತು."

ಕಾಗದ ಸಿಕ್ಕಿಸಿ, ತನ್ನ ಪೂರ್ತಿ ಹೆಸರು ಹೊಡೆದು, ಅದರ ಮುಂದೆ ಆ ಪದ ಹೊಡೆದಳು. ಬೆರಳು ಎಲ್ಲೂ ನಿಲ್ಲಲಿಲ್ಲ.

"ಯಾರಿಗೆ ಅಂತ ಬರೀಲಿ?"

"ಯಾರಿಗೆ ಕೊಟ್ರೆ ನನ್ನ ಕೆಲಸ ವಾಪಸ್ ಬರುತ್ತೆ?" ಎಂದಳು ಆಕೆ. ಉತ್ತರ ಇಬ್ಬರಿಗೂ ಗೊತ್ತಿತ್ತು. ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ಅದೇ ಮಧ್ಯಾಹ್ನ ಒಬ್ಬ ಮುದುಕ ಬಂದು, ತನ್ನ ತಮ್ಮ ಮಾಡಿದ್ದು ನಂಬಿಕೆದ್ರೋಹ, ಹಾಗೇ ಹಾಕಿ ಎಂದ. ದೊಡ್ಡಮ್ಮ ಎಂದಿನ ಪ್ರಶ್ನೆ ಕೇಳಲು ಬಾಯಿ ತೆರೆದವಳು ಟೈಪ್ ಯಂತ್ರದಿಂದ ಕೈ ತೆಗೆದಳು.

"ಆಚೆ ಮೇಜಿಗೆ ಹೋಗಿ ಅಣ್ಣ" ಎಂದಳು. "ಅದನ್ನ ಕೇಳೋ ಮುಖ ನನಗಿಲ್ಲ."