ನನಗಿಂತ ಮೊದಲು ಶಾಲೆ ಸೇರಿದ ಸೈಕಲ್ಲು

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಗಳಾಗಿದ್ದವು. ಪಿರಿಯಾಪಟ್ಟಣದಲ್ಲಿ ನಮ್ಮ ಮನೆ. ಹಾರನಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಬೈಲುಕುಪ್ಪೆಯ ಟಿಬೆಟನ್ ಮಠ ನೋಡಲು ಬಂದಿದ್ದ ವಿದೇಶಿಯನೊಬ್ಬ ನಮ್ಮ ಮಹಡಿಯ ಕೋಣೆಯಲ್ಲಿ ಎರಡು ತಿಂಗಳು ಬಾಡಿಗೆಗಿದ್ದ. ಸೈಕಲ್ಲಿನಲ್ಲೇ ದೇಶ ದೇಶ ಸುತ್ತಿದ್ದವನು ಒಂದು ಬೆಳಿಗ್ಗೆ ನಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ. ಊರಿಗೆ ಹೊರಡುವಾಗ ಸೈಕಲ್ಲನ್ನು ನನಗೇ ಕೊಟ್ಟುಹೋದ.

ಅದು ಕಾರ್ಬನ್ ಫೈಬರಿನದು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ. ನನ್ನ ಹೆಂಡತಿ ಎರಡು ಬೆರಳಲ್ಲಿ ಎತ್ತಿ ನೋಡಿ, "ಒಳಗೆ ಏನೂ ಇಲ್ವಲ್ರೀ" ಅಂದಳು.

ಟಾರು ರಸ್ತೆಯಲ್ಲಿ ಅದು ಹಾರಿದಂತೆ ಹೋಗುತ್ತಿತ್ತು. ಆದರೆ ನನ್ನ ದಾರಿಯ ನಡುವಿನ ಅರ್ಧ ಭಾಗಕ್ಕೆ ಜಲ್ಲಿ ಸುರಿದು ಹಾಗೇ ಬಿಟ್ಟಿದ್ದರು. ಟೈರು ಹೆಬ್ಬೆರಳಿನಷ್ಟೇ ದಪ್ಪ. ಪಂಕ್ಚರಾದರೆ ಗಾಳಿ ಹೊಡೆಯುವ ಪಂಪು ನಮ್ಮೂರಲ್ಲಿ ಇರಲಿಲ್ಲ. "ಇದ್ರ ಮೂತಿಗೆ ನಮ್ ಪಂಪು ಕೂರಲ್ಲ ಸಾ" ಎಂದು ಸೈಕಲ್ ಶಾಪಿನವನು ಮೊದಲೇ ಕೈ ಎತ್ತಿದ್ದ. ಹಾಗಾಗಿ ಜಲ್ಲಿ ಶುರುವಾದ ಕಡೆ ಇಳಿದು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದು, ಮುಂದೆ ಟಾರು ಸಿಕ್ಕ ಕಡೆ ಮತ್ತೆ ಹತ್ತುತ್ತಿದ್ದೆ.

ರಸ್ತೆ ಬದಿಯ ಹೊಲದಲ್ಲಿ ಹೊಗೆಸೊಪ್ಪು ಮುರಿಯುತ್ತಿದ್ದ ರೈತನೊಬ್ಬ ಒಂದು ವಾರ ಸುಮ್ಮನೆ ನೋಡಿ, ಕೊನೆಗೆ ಕೇಳಿದ.

"ಮೇಷ್ಟ್ರೇ, ಸೈಕಲ್ ಕೆಟ್ಟೋಗದಾ?"

"ಇಲ್ಲ, ಚೆನ್ನಾಗಿದೆ."

"ಮತ್ಯಾಕ್ ಒತ್ಕೊಂಡ್ ಓಯ್ತಿದ್ದೀರಿ?"

"ಕೆಡದೇ ಇರ್ಲಿ ಅಂತ."

ಆತ "ಅಂಗಾರೆ ಸರಿ ಬುಡಿ" ಎಂದು ಸೊಪ್ಪು ಮುರಿಯಲು ಬಗ್ಗಿದ.

ಹೀಗೆ ಹೊತ್ತು ನಡೆಯುತ್ತಿದ್ದ ಒಂದು ದಿನ ಮದುವೆ ಜನ ತುಂಬಿದ್ದ ಬಸ್ಸೊಂದು ನನ್ನ ಪಕ್ಕ ನಿಂತಿತು. ದಿನವೂ ನನ್ನನ್ನು ನೋಡುತ್ತಿದ್ದ ಕಂಡಕ್ಟರಿಗೆ ಅವತ್ತು ಮನಸ್ಸು ತಡೆಯಲಿಲ್ಲವೇನೋ. "ಕೊಡಿ ಮೇಷ್ಟ್ರೇ ಇತ್ಲಾಗೆ, ಎಷ್ಟ್ ದಿನ ಅಂತ ಒತ್ತೀರಿ" ಎಂದು ಕೈಚಾಚಿದ. ಕೊಟ್ಟೆ. ರೇಷ್ಮೆ ಸೀರೆಗಳ, ಪೇಟಗಳ ತಲೆಯ ಮೇಲೆ ಕೈಯಿಂದ ಕೈಗೆ ದಾಟಿ ಸೈಕಲ್ಲು ಒಳಗೆ ಹೋಯಿತು. ನಾನು ಮೆಟ್ಟಿಲ ಮೇಲೆ ಕಾಲಿಡಲು ಜಾಗ ಹುಡುಕುತ್ತಿರುವಾಗ ಯಾರೋ "ರೈಟ್" ಅಂದರು. ಬಸ್ಸು ಹೊರಟೇಹೋಯಿತು. ಸ್ವಲ್ಪ ದೂರ ಓಡಿದೆ. ಆಮೇಲೆ ನಡೆದೆ.

ಕಂಡಕ್ಟರ್ ಪ್ರಾಮಾಣಿಕ. ಶಾಲೆಯ ಮುಂದೆ ಬಸ್ಸು ನಿಲ್ಲಿಸಿ, ತಾನೇ ಇಳಿದು, ಹೆಡ್‌ಮಾಸ್ಟರ ಕಿಟಕಿಯ ಪಕ್ಕದ ಗೋಡೆಗೆ ಸೈಕಲ್ಲನ್ನು ಒರಗಿಸಿ ಹೋಗಿದ್ದ.

ಅವತ್ತೇ ಶಿಕ್ಷಣಾಧಿಕಾರಿಗಳು ತನಿಖೆಗೆ ಬಂದಿದ್ದರು. ಗಣಿತದವರೆಲ್ಲಿ ಎಂದು ಅವರು ಕೇಳಿದಾಗ ಹೆಡ್‌ಮಾಸ್ಟರು ಕಿಟಕಿಯಲ್ಲಿ ನೋಡಿ, "ಬಂದಿದ್ದಾರೆ ಸಾರ್, ಸೈಕಲ್ ಇಲ್ಲೇ ಇದೆ" ಅಂದರಂತೆ. ತರಗತಿಯಲ್ಲಿ ನಾನಿಲ್ಲ. ಜವಾನನನ್ನು ಶೌಚಾಲಯದ ಕಡೆ ಕಳಿಸಿದರು. ಅಲ್ಲೂ ಇಲ್ಲ. ಕೊನೆಗೆ ಎಲ್ಲರಿಗೂ ಬೇರೆ ಏನೋ ಅನುಮಾನ ಬಂತು.

ಬೆವರು ಸುರಿಸುತ್ತಾ ನಾನು ಗೇಟು ದಾಟಿದಾಗ ಇಡೀ ಶಾಲೆ ಅಂಗಳದ ಬಾವಿಯ ಸುತ್ತ ನಿಂತು ಇಣುಕುತ್ತಿತ್ತು. ನನ್ನನ್ನು ಕಂಡು ಹೆಡ್‌ಮಾಸ್ಟರ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ಸಿಟ್ಟೂ ಬಂತು.

"ಎಲ್ಲಿಗೆ ಹೋಗಿದ್ರಿ?" ಎಂದು ಅಧಿಕಾರಿಗಳು ಕೇಳಿದರು.

"ಎಲ್ಲಿಗೂ ಇಲ್ಲ ಸಾರ್. ಈಗ ಬರ್ತಿದ್ದೀನಿ."

"ಸೈಕಲ್ ಬಂದು ಒಂದೂವರೆ ಗಂಟೆ ಆಯ್ತಲ್ರೀ."

"ಅದು ಬಸ್ಸಲ್ಲಿ ಬಂತು ಸಾರ್. ನಾನು ನಡ್ಕೊಂಡು ಬಂದೆ."

ನಾನು ಗೇಲಿ ಮಾಡುತ್ತಿದ್ದೇನೆ ಎನಿಸಿ ಅವರ ಮುಖ ಕೆಂಪಾಯಿತು. ಬೇರೆ ದಾರಿ ಕಾಣದೆ, "ಒಮ್ಮೆ ಎತ್ತಿ ನೋಡಿ ಸಾರ್" ಅಂದೆ. ಎತ್ತಿದರು. ಇಳಿಸಿ ಮತ್ತೆ ಎತ್ತಿದರು. ಹೆಡ್‌ಮಾಸ್ಟರ ಕೈಗೆ ಕೊಟ್ಟರು. ಜವಾನ ಎತ್ತಿದ. ಆಮೇಲೆ ಒಂಬತ್ತನೇ ತರಗತಿ ಸಾಲಾಗಿ ನಿಂತು ಎತ್ತಿತು. ತನಿಖೆಯ ಸಮಯ ಅದರಲ್ಲೇ ಕಳೆಯಿತು.

ಆದರೂ ಹೊರಡುವ ಮುನ್ನ ಅಧಿಕಾರಿಗಳು ನನ್ನಿಂದ ವಿವರಣೆ ಬರೆಸಿಕೊಂಡರು. "ಸೈಕಲ್ಲು ಸಕಾಲಕ್ಕೆ ಹಾಜರಾಗಿದ್ದು, ಸದರಿ ಸೈಕಲ್ಲಿನ ಸವಾರನಾದ ನಾನು ತಡವಾಗಿ ಬಂದದ್ದಕ್ಕೆ ವಿಷಾದಿಸುತ್ತೇನೆ" ಎಂದು ಬರೆದೆ. ಓದಿ, ಪೆನ್ನು ತೆಗೆದು, 'ಸವಾರ' ಎಂಬುದನ್ನು ಹೊಡೆದು 'ಮಾಲೀಕ' ಎಂದು ತಿದ್ದಿದರು.

"ಸವಾರಿ ಎಲ್ಲಿ ಮಾಡಿದ್ರಿ ನೀವು?" ಎಂದು ಸಹಿ ಹಾಕಿದರು. ಅರ್ಧ ದಿನದ ರಜೆ ಹೋಯಿತು.

ಮರುದಿನ ಅದೇ ಜಾಗದಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಮತ್ತೆ ಕೈಚಾಚಿದ. ಈ ಸಲ ಮೊದಲು ನಾನು ಹತ್ತಿದೆ.

ಆ ರಸ್ತೆಗೆ ಟಾರು ಬಿದ್ದ ತಿಂಗಳಲ್ಲೇ ನನಗೆ ಕೆ.ಆರ್. ನಗರಕ್ಕೆ ವರ್ಗವಾಯಿತು. ಅಲ್ಲಿ ಸಿಕ್ಕ ಬಾಡಿಗೆ ಮನೆಯ ಎದುರಿಗೇ ಶಾಲೆ. ಆದರೂ ದಿನವೂ ಸೈಕಲ್ಲಲ್ಲೇ ಹೋಗುತ್ತಿದ್ದೆ. ಹತ್ತಿ ಕೂರುವಷ್ಟರಲ್ಲಿ ಇಳಿಯಬೇಕಾಗುತ್ತಿತ್ತು.