ತಿಲಕ ಉಣ್ಣುವಾಗ ಬಾಗಿಲು ಕಾದದ್ದು

ದೆವ್ವ, ಭೂತ, ಮಾಟ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ಈಗಲೂ ಅಷ್ಟೆ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ತರಗತಿಯಲ್ಲಿ ಹೇಳಿ ಹೇಳಿ ಬಾಯಿ ಒಣಗಿದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಆದರೆ ಪೂರ್ತಿ ಓದಿ ನಗಿ.

ನನ್ನ ತಮ್ಮ ತಿಲಕ ವಾಮದಪದವಿನ ನಮ್ಮ ಮನೆಯಲ್ಲಿ ಅಮ್ಮನ ಜೊತೆಗಿದ್ದ. ಪುಂಜಾಲಕಟ್ಟೆಯಲ್ಲಿ ಅವನದ್ದೊಂದು ಮೊಬೈಲ್ ರಿಪೇರಿ ಅಂಗಡಿ. ಅವನಿಗೂ ನನಗೂ ಒಂದೇ ಹುಚ್ಚು: ಆನ್‌ಲೈನಿನಲ್ಲಿ ಜೊತೆಗೂಡಿ ಆಡುವ ಝಾಂಬಿ ಆಟ. ಎದ್ದು ನಡೆಯುವ ಹೆಣಗಳನ್ನು ಗುಂಡಿಕ್ಕಿ ಬೀಳಿಸುತ್ತ ಒಂದು ಭದ್ರವಾದ ಕೋಣೆ ಸೇರಬೇಕು, ಎಲ್ಲರೂ ಒಳಗಾದ ಮೇಲೆ ಬಾಗಿಲು ಮುಚ್ಚಬೇಕು. ನಾನು ಮೂಡುಬಿದಿರೆಯಿಂದ, ಅವನು ಮನೆಯಿಂದ, ಅವನ ಗೆಳೆಯರಿಬ್ಬರು ಬೆಳ್ತಂಗಡಿಯಿಂದ ಆಡುತ್ತಿದ್ದೆವು. ಆ ಹೆಣಗಳಿಗೆ ನಾವಿಟ್ಟ ಹೆಸರು ಕುಲೆ. ತೀರಿಹೋದವರ ಆತ್ಮಕ್ಕೆ ನಮ್ಮ ಕಡೆ ಹಾಗೆ ಹೇಳುವುದು.

ತಿಲಕನಿಗೆ ಒಂದು ದರಿದ್ರ ಅಭ್ಯಾಸವಿತ್ತು, ಆಟದ ನಡುವೆಯೇ ಊಟ. ಭದ್ರಕೋಣೆಯ ಬಾಗಿಲಿಗೆ ಬಂದದ್ದೇ, ಪರದೆಯ ಮೇಲಿನ ತನ್ನ ಆಳನ್ನು ಪಕ್ಕದ ಗೋಡೆಗೆ ಮುಖ ಮಾಡಿ ನಿಲ್ಲಿಸಿ, "ಅಕ್ಕಾ, ನಾಲ್ಕು ತುತ್ತು ತಿಂತೇನೆ, ಬಾಗಿಲು ನೋಡಿಕೊ" ಎನ್ನುತ್ತಿದ್ದ. ಉಣ್ಣುವಾಗ ಯಾರೂ ಮುಖ ನೋಡಬಾರದಂತೆ, ಮಹಾರಾಜ! ಅಷ್ಟು ಹೊತ್ತೂ ನಾನು ಕುಲೆಗಳ ಜೊತೆ ಗುದ್ದಾಡಬೇಕು. ಊಟ ಮುಗಿದರೆ ಆಳು ಈಚೆ ತಿರುಗಿ ಎರಡು ಸಲ ಕೂತು ಏಳುತ್ತಿದ್ದ.

ಒಂದು ದಿನ ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನಾನು ಬಡಿಸಿದ್ದು ನಿನ್ನ ಕಣ್ಣಿಗೆ ಕಾಣುವುದಿಲ್ಲ. ಹೋಗು, ಆ ಕುಲೆಗಳೊಟ್ಟಿಗೇ ಉಣ್ಣು" ಎಂದು ಬಟ್ಟಲು ಎತ್ತಿಕೊಂಡು ಹೋದಳು. ಅವನು ಉಣ್ಣದೆ ಬೈಕ್ ಹತ್ತಿದ. ಪುಂಜಾಲಕಟ್ಟೆ ಮುಟ್ಟಲಿಲ್ಲ. ತಿರುವಿನಲ್ಲಿ ಲಾರಿ ಬಡಿಯಿತು.

ಆಮೇಲೆ ಅಮ್ಮ ಊಟಕ್ಕೆ ಕೂತರೆ ಅನ್ನ ಕಲಸಿ ಕಲಸಿ ಹಾಗೆಯೇ ಏಳುವುದೇ ಆಯಿತು. "ಹಸಿದು ಹೋದ ನನ್ನ ಮಗು" ಎಂಬುದೊಂದೇ ಮಾತು. ನೋಡನೋಡುತ್ತ ರವಿಕೆ ಹೆಗಲಲ್ಲಿ ನಿಲ್ಲದಷ್ಟು ಇಳಿದುಹೋದಳು. ತಮ್ಮನ ಹಿಂದೆಯೇ ಇವಳೂ ಹೋಗಿಬಿಡುತ್ತಾಳೆ ಎಂದು ನನಗೆ ಹೆದರಿಕೆ ಹುಟ್ಟಿತ್ತು.

ಅಷ್ಟರಲ್ಲಿ ಮಳೆಗಾಲದ ಆಟಿ ತಿಂಗಳು ಬಂತು. ಆ ತಿಂಗಳು ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕೂರುವ ಕ್ರಮ ನಮ್ಮಲ್ಲಿ ಉಂಟು. ಅಮ್ಮನ ಅಣ್ಣ, ನಮ್ಮ ಮಾವ, ಮನೆಯ ಮುಂಭಾಗದ ಚಾವಡಿಯಲ್ಲಿ ಏರ್ಪಾಡು ಮಾಡಹೊರಟರು. ಅಮ್ಮ ಒಪ್ಪಲಿಲ್ಲ.

"ಅವನು ಚಾವಡಿಯಲ್ಲಿ ಉಂಡದ್ದು ಯಾವಾಗ? ಅವನ ಕೋಣೆಯಲ್ಲಿ, ಕಂಪ್ಯೂಟರಿನ ಎದುರು ಬಡಿಸುವ. ಆಟವೂ ಹಾಕಿರಲಿ. ಬಾಗಿಲು ಕಾಯಲಿಕ್ಕೆ ಅಕ್ಕ ಇಲ್ಲದಿದ್ದರೆ ಅವನು ಉಣ್ಣುವುದಿಲ್ಲ."

ಮಾವ ಹೌಹಾರಿದರು. "ಕುಲೆಗಳಿಗೆ ಬಡಿಸುವ ದಿನ ಕುಲೆ ಕೊಲ್ಲುವ ಆಟವಾ? ಕೇಳಿದವರು ಏನು ಹೇಳಿಯಾರು?"

ನನಗೆ ರೇಗಿತು. ಹೇಳುವವರು ಹೇಳಲಿ, ಅವರ ಮನೆಯಿಂದ ಅಕ್ಕಿ ತಂದಿಲ್ಲ ಎಂದೆ. ನನಗೆ ನಂಬಿಕೆ ಇತ್ತೆಂದಲ್ಲ. ಅಮ್ಮ ಉಣ್ಣಬೇಕಿತ್ತು.

ಮುಸ್ಸಂಜೆಗೆ ಅಮ್ಮ ತಿಲಕನ ಕೋಣೆಯಲ್ಲಿ ಎಲೆ ಹಾಕಿ ಅನ್ನ, ನೀರುದೋಸೆ, ಕೋಳಿ ಸುಕ್ಕ ಬಡಿಸಿದಳು. ನಾನು ಅವನ ಕಂಪ್ಯೂಟರಿನಲ್ಲಿ ಆಟ ತೆರೆದು, ಅವನ ಆಳನ್ನು ಹೊರಡುವ ಜಾಗದಲ್ಲಿ ನಿಲ್ಲಿಸಿ ಹೊರಬಂದೆ. ಮಾವನೇ ಹೊರಗಿನಿಂದ ಚಿಲಕ ಹಾಕಿದರು. ಆ ಬಾಗಿಲಿನ ಎದುರಿಗೇ ಚಾವಡಿಯಲ್ಲಿ ಕೂತು ನನ್ನ ಲ್ಯಾಪ್‌ಟಾಪಿನಿಂದ ಅದೇ ಆಟ ಸೇರಿದೆ.

ಯಾರೂ ನಡೆಸದ ಆಳು ಬಿಟ್ಟಲ್ಲೇ ನಿಂತಿರುತ್ತಾನೆ, ಕುಲೆಗಳು ಬಂದು ಮುಗಿಸುತ್ತವೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ಅಲ್ಲೇ ಬಿಟ್ಟು, ಒಬ್ಬಳೇ ಗುಂಡು ಹಾರಿಸುತ್ತ ಭದ್ರಕೋಣೆ ತಲುಪಿ ಹಿಂದೆ ತಿರುಗಿದೆ. ಬಾಗಿಲ ಪಕ್ಕದ ಗೋಡೆಗೆ ಮುಖ ಮಾಡಿ ತಿಲಕನ ಆಳು ನಿಂತಿದ್ದ.

ಯೋಚಿಸಲು ಪುರುಸೊತ್ತಿರಲಿಲ್ಲ, ಕುಲೆಗಳು ನುಗ್ಗಿ ಬಂದವು. ಅಳುತ್ತ, ಬೈಯುತ್ತ ಹೊಡೆದೆ. ಯಾವಾಗ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರೋ, ಮಾವ ಒಮ್ಮೆಲೇ ಕೂಗಿದರು: "ಎಡಗಡೆ ಬಂತು, ಎಡಗಡೆ! ಹೊಡಿ ಮಾರಾಯ್ತಿ, ಹುಡುಗ ಉಣ್ಣಲಿ!" ಅಮ್ಮ ಪರದೆಯ ಕಡೆ ತಿರುಗಲೇ ಇಲ್ಲ, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಒಂದು ಊಟದಷ್ಟು ಹೊತ್ತು ಹಾಗೇ ಕಳೆಯಿತು. ಆಮೇಲೆ ಆಳು ಈಚೆ ತಿರುಗಿ ಎರಡು ಸಲ ಕೂತು ಎದ್ದ.

"ಆಯಿತಮ್ಮ" ಎಂದೆ.

ಮಾವ ಬಾಗಿಲು ತಟ್ಟಿ ತೆರೆದರು. ಒಳಗೆ ಯಾರೂ ಇರಲಿಲ್ಲ. ಕಿಟಕಿಗೆ ಒಳಗಿನಿಂದಲೇ ಕೊಂಡಿ ಹಾಕಿತ್ತು. ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಅಮ್ಮ ಆ ಎಲೆಯ ಮುಂದೆಯೇ ಕೂತು ಒಂದು ಅಗುಳೂ ಬಿಡದೆ ಉಂಡಳು.

ನನ್ನ ವಿದ್ಯಾರ್ಥಿಗಳನ್ನು ಕೇಳಿದೆ. ಹಿಂದುಳಿದವರನ್ನು ಆಟವೇ ಎಳೆದು ತಂದಿರಬಹುದು ಎಂದ ಬೀದರ್ ಕಡೆಯ ಒಬ್ಬ ಹುಡುಗ. ತರಲಿ, ಗೋಡೆಗೆ ಮುಖ ಮಾಡಿಸಿದ್ದು ಯಾರು? ಕೀಬೋರ್ಡ್ ಕೆಟ್ಟಿರಬೇಕು ಎಂದ ಇನ್ನೊಬ್ಬ. ಬಿಚ್ಚಿಸಿ ನೋಡಿದೆ, ಸರಿಯಾಗಿಯೇ ಇತ್ತು. ಮಾವ ಜೋಯಿಸರಲ್ಲಿ ಪ್ರಶ್ನೆ ಇಡುವ, ಏನಾದರೂ ಪರಿಹಾರ ಮಾಡಿಸುವ ಎಂದರು. ಯಾವುದಕ್ಕೆ ಪರಿಹಾರ, ನಮ್ಮನ್ನು ಯಾರು ಹೆದರಿಸಿದ್ದಾರೆ ಎಂದು ಅವರ ಬಾಯಿ ಮುಚ್ಚಿಸಿದೆ.

ಮರುವರ್ಷದ ಆಟಿಗೂ ಹಾಗೆಯೇ ಬಡಿಸಿದೆವು. ಆಳು ಬಿಟ್ಟಲ್ಲೇ ನಿಂತಿದ್ದ, ಕುಲೆಗಳು ಬಂದು ಬೀಳಿಸಿದವು. ನಾನು ಆಟವನ್ನು ಮತ್ತೆ ಮೊದಲಿನಿಂದ ಹಾಕಹೊರಟೆ. ಅಮ್ಮ ಮಾತ್ರ ಎಲೆ ಎಳೆದುಕೊಂಡು ಕೂತು, "ಹೊಟ್ಟೆ ತುಂಬಿದೆ ಅವನಿಗೆ, ಬಿಡು" ಎಂದಳು.

ನನಗೆ ಬಿಡಲಾಗುವುದಿಲ್ಲ. ಕಾರಣ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ದೈವದ ಲೀಲೆ ಎಂದರೂ ಜಗಳವಾಡುತ್ತೇನೆ, ಯಂತ್ರದ ದೋಷ ಎಂದರೂ ಜಗಳವಾಡುತ್ತೇನೆ. ಆ ಸಂಜೆ ನಾನು ಬಾಗಿಲು ಕಾದದ್ದು ನನ್ನ ತಮ್ಮನಿಗೆ.